ಬಾರ್ ದಾಟಿ ಸ್ವರ ಎಳೆಯುವುದು ಹೇಗೆ? (ಮ್ಯೂಸ್‌ಸ್ಕೋರ್ 4, ಟೈ ಹಾಕುವ ಗೋಳು)

ತಂತಿ_ಮೂರು

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಹೋದ ತಿಂಗಳವರೆಗೆ ನನಗೆ ಸ್ಟಾಫ್ ನೋಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಗೊತ್ತೇ ಇರಲಿಲ್ಲ. ಇಪ್ಪತ್ತು ವರ್ಷ ಪಿಟೀಲು ಬಾರಿಸಿದ್ದೆಲ್ಲ ಸ ರಿ ಗ ಮ ನೋಡಿಕೊಂಡೇ.

ಈಗ ಸಮಸ್ಯೆ ಏನೆಂದರೆ, ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಆರು ಮಕ್ಕಳ ಒಂದು ಗುಂಪು ಕಟ್ಟಿದ್ದೇನೆ. ಮೂರು ವಯಲಿನ್, ಒಂದು ಕೊಳಲು, ಒಂದು ಕ್ಲಾರಿನೆಟ್, ಒಂದು ಕೀಬೋರ್ಡ್. ಎಲ್ಲರೂ ಶಾಲೆಯ ಆರ್ಕೆಸ್ಟ್ರಾದಲ್ಲಿ ಕಲಿತವರು. ಐದು ಗೆರೆ ಕೊಟ್ಟರೆ ಗಡಗಡ ಓದುತ್ತಾರೆ. "ಸಾ ರಿ ಗಾ" ಎಂದರೆ ಮುಖ ಮುಖ ನೋಡುತ್ತಾರೆ. ಹಾಗಾಗಿ ಮಾಯಾಮಾಳವಗೌಳದಲ್ಲಿ ನಾನೇ ಕಟ್ಟಿದ ಒಂದು ಪುಟ್ಟ ಸ್ವರಗುಚ್ಛವನ್ನು ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ಆದ ಮ್ಯೂಸ್‌ಸ್ಕೋರ್‌ನಲ್ಲಿ ಬರೆಯಲು ಕೂತೆ. ಆದಿತಾಳ. ಒಂದು ಅಕ್ಷರಕ್ಕೆ (ತಾಳದ ಒಂದು ಎಣಿಕೆಗೆ) ಎರಡು ಸ್ವರ. 4/4 ಇಟ್ಟುಕೊಂಡು ಒಂದು ಆವರ್ತಕ್ಕೆ ಎರಡು ಬಾರ್ (ಎರಡು ನಿಂತ ಗೆರೆಗಳ ನಡುವಿನ ಮನೆ, ಒಂದರಲ್ಲಿ ನಾಲ್ಕು ಎಣಿಕೆ) ಮಾಡಿದ್ದೇನೆ.

ತೊಂದರೆ ಕೊಡುತ್ತಿರುವ ಸಾಲು ಇದು:

ಸ ರಿ ಗ ಮ ಗ ಮ ಪಾ | ; , ದ | ಪ ಮ ಗ ರಿ ||

ಪಂಚಮ ನಾಲ್ಕನೇ ಅಕ್ಷರದಲ್ಲಿ ಶುರುವಾಗಿ ದ್ರುತದೊಳಕ್ಕೆ (ತಾಳದಲ್ಲಿ ಮುಂದೆ ಬರುವ ಎರಡು ಅಕ್ಷರದ ಭಾಗಕ್ಕೆ) ಹೋಗುತ್ತದೆ. ನಮ್ಮ ಬರವಣಿಗೆಯಲ್ಲಿ ಎರಡು ಚಿಹ್ನೆ ಹಾಕಿದರೆ ಮುಗಿಯಿತು. ಅಲ್ಲಿ ನಾನು ಮಾಡಿದ್ದು: ಮೊದಲ ಬಾರ್‌ನ ಕೊನೆಗೆ ಒಂದು ಪ, ಎರಡನೇ ಬಾರ್‌ನ ಶುರುವಿಗೆ ಇನ್ನೊಂದು ಪ, ಎರಡನ್ನೂ ಸೇರಿಸಿ ಮೇಲೊಂದು ಕಮಾನು. ನೋಡಲು ಚೆನ್ನಾಗಿಯೇ ಇದೆ. ಪ್ಲೇ ಒತ್ತಿದರೆ ಪಂಚಮ ಎರಡು ಸಲ ಹೊಡೆಯುತ್ತದೆ! ಎಲ್ಲಿ ತಪ್ಪಿದೆ?

ಕೀಬೋರ್ಡ್_ಮೇಷ್ಟ್ರು

ನೀವು ಹಾಕಿದ್ದು ಟೈ ಅಲ್ಲ, ಸ್ಲರ್. ಎಸ್ ಕೀ ಒತ್ತಿರುತ್ತೀರಿ, ಅಥವಾ ಪಕ್ಕದ ಪ್ಯಾಲೆಟ್‌ನಿಂದ ಕಮಾನು ಎಳೆದಿರುತ್ತೀರಿ. ಕಣ್ಣಿಗೆ ಎರಡೂ ಒಂದೇ ಥರ. ನನ್ನ ಬಳಿ ಬರುವ ಹತ್ತು ಮಕ್ಕಳಲ್ಲಿ ಎಂಟು ಮಂದಿ ಇಲ್ಲೇ ಬೀಳುತ್ತಾರೆ, ನಾಚಿಕೊಳ್ಳಬೇಡಿ.

ಸ್ಲರ್ ಎಂದರೆ "ಈ ಸ್ವರಗಳನ್ನು ಕೂಡಿಸಿ ನುಡಿಸು", ವಯಲಿನ್‌ನಲ್ಲಿ ಒಂದೇ ಬೋವಿನಲ್ಲಿ. ಆದರೆ ಸ್ವರಗಳು ಬೇರೆ ಬೇರೆಯಾಗಿಯೇ ಇರುತ್ತವೆ. ಟೈ ಎಂದರೆ "ಇದು ಹೊಸ ಸ್ವರವೇ ಅಲ್ಲ, ಹಿಂದಿನದ್ದೇ ಇನ್ನೂ ನಡೆಯುತ್ತಿದೆ". ಅದಕ್ಕೇ ಟೈ ಯಾವಾಗಲೂ ಒಂದೇ ಸ್ಥಾಯಿಯ ಒಂದೇ ಸ್ವರದ ನಡುವೆ, ಅದೂ ಅಕ್ಕಪಕ್ಕದ ಎರಡರ ನಡುವೆ ಮಾತ್ರ. ಸಾಫ್ಟ್‌ವೇರ್ ಕಮಾನಿನ ಆಕಾರ ನೋಡುವುದಿಲ್ಲ. ಅದು ಯಾವ ಜಾತಿಯ ಕಮಾನು ಅಂತ ನೋಡುತ್ತದೆ.

ಆ ಸಾಲನ್ನು ಮೊದಲಿನಿಂದ ಬರೆಯೋಣ. ಸ ಎಂದರೆ ಸಿ ಎಂದು ಇಟ್ಟುಕೊಂಡಿದ್ದೀರಿ ಎಂದುಕೊಳ್ಳುತ್ತೇನೆ. ಎನ್ ಒತ್ತಿ, ಬರೆಯುವ ಸ್ಥಿತಿಗೆ ಬರುತ್ತೀರಿ. ಈಗ 4 ಒತ್ತಿ, ಅದು ಕ್ವೇವರ್, ಅಂದರೆ ನಿಮ್ಮ ಅರ್ಧ ಅಕ್ಷರ. ಆಮೇಲೆ ಸಿ, ಡಿ, ಇ, ಎಫ್, ಇ, ಎಫ್ ಎಂದು ಅಕ್ಷರಗಳನ್ನೇ ಒತ್ತುತ್ತಾ ಹೋಗಿ. ಡಿ ಒತ್ತುವ ಮುಂಚೆ ಮೈನಸ್ ಕೀ ಒತ್ತಿದರೆ ಫ್ಲಾಟ್ ಆಗುತ್ತದೆ, ಅಂದರೆ ಅರ್ಧ ಮೆಟ್ಟಿಲು ಇಳಿಯುತ್ತದೆ, ಶುದ್ಧ ರಿಷಭ ಸಿಗುತ್ತದೆ. ಆರು ಸ್ವರ ಮುಗಿಯಿತು. ಈಗ 5, ಅದು ಕ್ರಾಚೆಟ್, ನಿಮ್ಮ ಒಂದು ಅಕ್ಷರ. ಜಿ ಒತ್ತಿ. ಪಂಚಮದ ಮೊದಲ ತುಂಡು ಬಂತು, ಬಾರ್ ತುಂಬಿತು.

ಇಲ್ಲಿಂದ ಗಮನವಿಟ್ಟು ನೋಡಿ. ಇನ್ನೂ ಮೂರು ಕ್ವೇವರ್ ಉದ್ದ ಬೇಕು. ಚುಕ್ಕೆಯ ಕೀ ಒತ್ತಿ, ಕ್ರಾಚೆಟ್‌ಗೆ ಚುಕ್ಕೆ ಸೇರಿದರೆ ಸರಿಯಾಗಿ ಮೂರು ಕ್ವೇವರ್. ಈಗ ಜಿ ಒತ್ತಬೇಡಿ. ಟಿ ಒತ್ತಿ. ಅಷ್ಟೇ. ಮುಂದಿನ ಬಾರ್‌ನಲ್ಲಿ ಚುಕ್ಕೆಯ ಕ್ರಾಚೆಟ್ ತಾನಾಗಿ ಬಂದು ಹಿಂದಿನದಕ್ಕೆ ಕಟ್ಟಿಕೊಳ್ಳುತ್ತದೆ. ಮತ್ತೆ 4, ಮೈನಸ್, ಎ. ಅದು ನಿಮ್ಮ ದ. ಉಳಿದದ್ದು ನೇರ.

ಉದ್ದ ಮೊದಲು, ಸ್ವರ ಆಮೇಲೆ. ಟೈ ಬೇಕಾದರೆ ಉದ್ದ ಮೊದಲು, ಟಿ ಆಮೇಲೆ.

ತಂತಿ_ಮೂರು

ಕ್ರಾಚೆಟ್, ಕ್ವೇವರ್ ಎಂದರೆ ಈ ಮಕ್ಕಳು ನಗುತ್ತಾರೆ ಸರ್, ಅವರು ಕ್ವಾರ್ಟರ್, ಏಯ್ತ್ ಎನ್ನುತ್ತಾರೆ. ಆದರೆ ಬಂತು! ಒಂದೇ ಪಂಚಮ, ಒಂದೇ ಸಲ. ಖುಷಿಯಾಯಿತು.

ಕೀಬೋರ್ಡ್_ಮೇಷ್ಟ್ರು

ಬೆಂಗಳೂರಿನಲ್ಲಿ ಟ್ರಿನಿಟಿ ಗ್ರೇಡ್ ಪರೀಕ್ಷೆಗೆ ಕೂರಿಸುವವರು ನಾವು, ಲಂಡನ್ನಿನ ಹೆಸರುಗಳೇ ಬಾಯಿಗೆ ಬರುತ್ತವೆ. ಮ್ಯೂಸ್‌ಸ್ಕೋರ್‌ನ ಭಾಷೆಯನ್ನು ಬ್ರಿಟಿಷ್ ಇಂಗ್ಲಿಷ್‌ಗೆ ಬದಲಾಯಿಸಿದರೆ ಅದೂ ಕ್ರಾಚೆಟ್ ಅನ್ನುತ್ತದೆ. ನಿಮ್ಮ ಮಕ್ಕಳಿಗೆ ಬೇಡ ಬಿಡಿ.

ತಾಳ_ತಪ್ಪಿದವ

ಮೃದಂಗದವನು ನಾನು. ಮಧ್ಯೆ ಬಾಯಿ ಹಾಕುತ್ತೇನೆ.

ಮೇಷ್ಟ್ರು ಹೇಳಿದ್ದನ್ನು ನಮ್ಮ ಭಾಷೆಗೆ ತಂದುಕೊಂಡರೆ ಇನ್ನೂ ಸುಲಭ. ನಮ್ಮ ಸ್ವರಲಿಪಿಯ ಅಲ್ಪವಿರಾಮವೇ ಟೈ. ಅಷ್ಟೇ ವಿಷಯ. "ಪಾ" ಎಂದರೆ ಎರಡು. ಅರ್ಧವಿರಾಮ ಇನ್ನೆರಡು. ಅಲ್ಪವಿರಾಮ ಇನ್ನೊಂದು. ಒಟ್ಟು ಐದು. ತಾಳದ ಗೆರೆ ನಡುವೆ ಬಂದರೂ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ, ಗೆರೆಯ ಆಚೆ ಹೋಗಿ ಚಿಹ್ನೆ ಹಾಕುತ್ತೇವೆ. ಅವರಲ್ಲಿ ಬಾರ್‌ನ ಗೆರೆ ಗೋಡೆ ಇದ್ದ ಹಾಗೆ. ಒಂದು ನೋಟಿನ ಗುಂಡು ಗೋಡೆಯ ಈಚೆ ಅರ್ಧ, ಆಚೆ ಅರ್ಧ ಇರಲಾಗದು. ಆದ್ದರಿಂದ ಎರಡು ಗುಂಡು ಬರೆದು ಹಗ್ಗ ಕಟ್ಟುತ್ತಾರೆ.

ಇನ್ನೊಂದು. ಬಾರ್ ಇಲ್ಲದಿದ್ದರೂ ಐದಕ್ಕೆ ಟೈ ಬೇಕೇ ಬೇಕು. ಅವರ ನೋಟುಗಳು ಒಂದು, ಎರಡು, ನಾಲ್ಕು, ಎಂಟು ಎಂದು ದುಪ್ಪಟ್ಟಾಗುತ್ತಾ ಹೋಗುತ್ತವೆ. ಚುಕ್ಕೆ ಹಾಕಿದರೆ ಮೂರು, ಆರು. ಎರಡು ಚುಕ್ಕೆ ಹಾಕಿದರೆ ಏಳು. ಐದಕ್ಕೆ ಮಾತ್ರ ಒಂದೇ ಗುಂಡು ಇಲ್ಲ, ನಾಲ್ಕಕ್ಕೆ ಒಂದನ್ನು ಕಟ್ಟಬೇಕು. ನಮ್ಮಲ್ಲಿ ಖಂಡ ಕಾರ್ವೆ, ಅಂದರೆ ಐದರ ಎಳೆತ, ಎಷ್ಟು ಸಲೀಸು! ಅಲ್ಲಿ ಅದೇ ಅತಿ ಕಷ್ಟ.

ತಂತಿ_ಮೂರು

"ಅಲ್ಪವಿರಾಮವೇ ಟೈ" ಎಂದು ದೊಡ್ಡದಾಗಿ ಬರೆದು ಲ್ಯಾಪ್‌ಟಾಪ್ ಮೇಲೆ ಅಂಟಿಸಿದ್ದೇನೆ. ನಿಜ ಹೇಳಬೇಕೆಂದರೆ ಮೊದಲ ದಿನ ನಾನು ಅಲ್ಪವಿರಾಮ ಕಂಡಲ್ಲೆಲ್ಲ 0 ಒತ್ತಿ ರೆಸ್ಟ್ ಹಾಕಿದ್ದೆ. ಕೊಳಲಿನ ಹುಡುಗಿ ಪ್ರತಿ ಸಲ ಅಲ್ಲಿ ಬಂದಾಗ ಪಟ್ ಅಂತ ಉಸಿರು ನಿಲ್ಲಿಸುತ್ತಿದ್ದಳು. ನಾನು "ಎಳಿ, ಎಳಿ" ಎನ್ನುತ್ತೇನೆ, ಅವಳು ಹಾಳೆ ತೋರಿಸುತ್ತಾಳೆ. ಹಾಳೆಯಲ್ಲಿ ಸುಮ್ಮನಿರು ಎಂದಿದೆ! ತಪ್ಪು ಅವಳದ್ದಲ್ಲ.

ಈಗ ಎರಡನೇ ಗೋಳು. ಟೈ ರುಚಿ ಹತ್ತಿದ ಮೇಲೆ, ಉಳಿದ ಕಡೆಯೂ ಇರಬೇಕಾದ ಟೈಗಳೆಲ್ಲ ಒಂದೇ ಸಲ ಬರಲಿ ಎಂದು ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಆರಿಸಿ ಟಿ ಒತ್ತಿಬಿಟ್ಟೆ. ಶುರುವಿನಲ್ಲಿ ನನ್ನದೊಂದು ಜಂಟಿ ವರಸೆ ಇತ್ತು: ಸಸ ರಿರಿ ಗಗ ಮಮ. ಈಗ ಅದು ಸಾ ರೀ ಗಾ ಮಾ ಆಗಿ ಕೂತಿದೆ.

ತಾಳ_ತಪ್ಪಿದವ

ಹ್ಹಹ್ಹ. ಕ್ಷಮಿಸಿ, ನಗು ತಡೆಯಲಾಗಲಿಲ್ಲ. ಜಂಟಿಯ ಪ್ರಾಣವೇ ಎರಡನೇ ಪೆಟ್ಟು. ಗುರುಗಳು ಎಷ್ಟು ಬೈದು ಕಲಿಸಿದ್ದರು ಅದನ್ನು! ಟೈ ಹಾಕಿದರೆ ಆ ಪೆಟ್ಟೇ ಹೋಯಿತು. ಟೈ ಏನು ಮಾಡುತ್ತದೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅದೇ ಜಾಗ, ಅದೇ ಗುಂಡುಗಳು. ಕಮಾನು ಇಲ್ಲದಿದ್ದರೆ ಸಸ, ಇದ್ದರೆ ಸಾ.

ಕೀಬೋರ್ಡ್_ಮೇಷ್ಟ್ರು

ಕಂಟ್ರೋಲ್ ಝಡ್ ಹೊಡೆಯಿರಿ. ಆಗಲೇ ಸೇವ್ ಮಾಡಿ ಮುಚ್ಚಿದ್ದರೆ ಒಂದೊಂದೇ ಕಮಾನಿನ ಮೇಲೆ ಕ್ಲಿಕ್ ಮಾಡಿ ಡಿಲೀಟ್ ಒತ್ತಿ. ಕಮಾನು ಮಾತ್ರ ಹೋಗುತ್ತದೆ, ಸ್ವರಗಳು ಉಳಿಯುತ್ತವೆ. ಮುಂದೆ, ಈಗಾಗಲೇ ಬರೆದ ಎರಡು ಸ್ವರಕ್ಕೆ ಟೈ ಬೇಕೆಂದರೆ ಮೊದಲನೆಯದನ್ನು ಮಾತ್ರ ಆರಿಸಿ ಟಿ ಒತ್ತಿ. ಕೀಬೋರ್ಡಿನ ಹುಡುಗನಿಗೆ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಬರೆಯುವಾಗ ಮಾತ್ರ ಶಿಫ್ಟ್ ಹಿಡಿದು ಇಡೀ ಕಾರ್ಡ್ ಆರಿಸಿ, ಇಲ್ಲದಿದ್ದರೆ ಒಂದು ಸ್ವರಕ್ಕೆ ಮಾತ್ರ ಟೈ ಬಂದು ಉಳಿದವು ಮತ್ತೆ ಹೊಡೆಯುತ್ತವೆ.

ತಂತಿ_ಮೂರು

ಇನ್ನೊಂದು ಪ್ರಶ್ನೆ, ಬೇಜಾರಾಗಬೇಡಿ. ಬರೆದಾದ ಮೇಲೆ ಒಂದು ಗಾಂಧಾರ ಸ್ವಲ್ಪ ಉದ್ದ ಇರಲಿ ಅನ್ನಿಸಿತು. ಅದನ್ನು ಆರಿಸಿ 5 ಒತ್ತಿದೆ. ಉದ್ದ ಆಯಿತು, ಆದರೆ ಮುಂದಿನ ಮಧ್ಯಮ ಮಾಯ. ಬೇಡ ಎಂದು ಮತ್ತೆ 4 ಒತ್ತಿದೆ. ಗಾಂಧಾರ ಚಿಕ್ಕದಾಯಿತು, ಮಧ್ಯಮ ಬರಲಿಲ್ಲ! ಅದರ ಜಾಗದಲ್ಲಿ ಒಂದು ರೆಸ್ಟ್ ಕೂತಿದೆ. ಇದೆಂಥ ನ್ಯಾಯ?

ಕೀಬೋರ್ಡ್_ಮೇಷ್ಟ್ರು

ವರ್ಡ್‌ನಲ್ಲಿ ಟೈಪ್ ಮಾಡಿ ಅಭ್ಯಾಸವಾದವರಿಗೆ ಇದು ಅನ್ಯಾಯ ಅನ್ನಿಸುತ್ತದೆ. ಅಲ್ಲಿ ಮಧ್ಯೆ ಒಂದು ಪದ ಸೇರಿಸಿದರೆ ಉಳಿದದ್ದು ಮುಂದೆ ಸರಿಯುತ್ತದೆ. ಇಲ್ಲಿ ಸರಿಯುವುದಿಲ್ಲ. 4/4 ಎಂದರೆ ಎಂಟು ಕ್ವೇವರ್ ಜಾಗ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಒಂದು ಸ್ವರ ಉದ್ದವಾದರೆ ಪಕ್ಕದವನ ಜಾಗ ತಿನ್ನುತ್ತದೆ. ಚಿಕ್ಕದಾದರೆ ಉಳಿದ ಜಾಗಕ್ಕೆ ರೆಸ್ಟ್ ಬರುತ್ತದೆ. ತಿಂದದ್ದನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ. ಕಂಟ್ರೋಲ್ ಝಡ್ ಒಂದೇ ದಾರಿ.

ತಾಳ_ತಪ್ಪಿದವ

ಅದೇನೂ ಅನ್ಯಾಯ ಅಲ್ಲ. ನೀವು ಕಛೇರಿಯಲ್ಲಿ ಗಾಂಧಾರವನ್ನು ಜಾಸ್ತಿ ಎಳೆದರೆ ನಾನು ತಾಳ ನಿಲ್ಲಿಸಿ ಕಾಯುತ್ತೇನೆಯೇ? ಮುಂದಿನ ಸ್ವರ ನುಂಗಿಕೊಂಡು ನೀವೇ ಸಮಕ್ಕೆ ಬರಬೇಕು. ಸಾಫ್ಟ್‌ವೇರ್ ಒಳ್ಳೆಯ ಪಕ್ಕವಾದ್ಯ.

ಕೀಬೋರ್ಡ್_ಮೇಷ್ಟ್ರು

:) ಇದನ್ನು ನಾನು ತರಗತಿಯಲ್ಲಿ ಬಳಸುತ್ತೇನೆ.

ನಿಜವಾಗಿಯೂ ಎಲ್ಲವನ್ನೂ ಮುಂದೆ ತಳ್ಳಬೇಕಿದ್ದರೆ ಬೇರೆ ದಾರಿಗಳಿವೆ. ನಾನು ಮಾಡುವುದು ಹೀಗೆ: ಮಧ್ಯಮದಿಂದ ಸಾಲಿನ ಕೊನೆಯವರೆಗೆ ಆರಿಸಿ ಕಟ್ ಮಾಡುತ್ತೇನೆ. ಗಾಂಧಾರ ಉದ್ದ ಮಾಡುತ್ತೇನೆ. ಅದರ ಪಕ್ಕದ ಜಾಗದಲ್ಲಿ ಪೇಸ್ಟ್. ಬಾರ್ ದಾಟುವ ಸ್ವರಗಳನ್ನು ಅದೇ ಒಡೆದು ಟೈ ಹಾಕಿಕೊಡುತ್ತದೆ. ಕಂಟ್ರೋಲ್ ಶಿಫ್ಟ್ ಹಿಡಿದು ಸ್ವರದ ಅಕ್ಷರ ಒತ್ತಿದರೆ ಮಧ್ಯೆ ತೂರಿಸುವ ಸೌಲಭ್ಯವೂ ಇದೆ. ಆದರೆ ಅದು ಆ ಒಂದು ಬಾರನ್ನೇ ಉದ್ದ ಮಾಡಿಬಿಡುತ್ತದೆ. ಆದಿತಾಳದ ಮಧ್ಯೆ ಒಂಬತ್ತು ಕ್ವೇವರ್‌ನ ಬಾರ್ ಬೇಕಾ? ಬೇಡ ಅಲ್ವಾ.

ಫಿನಾಲೆ_ನಿರಾಶ್ರಿತ

ಹೆಸರು ನೋಡಿ ಗೊತ್ತಾಗಿರಬೇಕು. ಹದಿನೆಂಟು ವರ್ಷ ಫಿನಾಲೆಯಲ್ಲಿ ಬರೆದವನು. 2024ರ ಆಗಸ್ಟ್ 26ರಂದು ಇನ್ನು ಮುಂದೆ ಹೊಸ ಆವೃತ್ತಿ ಬರುವುದಿಲ್ಲ ಎಂದು ಕಂಪನಿ ಪ್ರಕಟಿಸಿತು. 1988ರಿಂದ ಇದ್ದ ಸಾಫ್ಟ್‌ವೇರ್. ಈಗ ಡೊರಿಕೊದಲ್ಲಿದ್ದೇನೆ. ಮೊದಲ ತಿಂಗಳು ಬೆರಳುಗಳ ಜೊತೆಯೇ ಜಗಳ. ಫಿನಾಲೆಯಲ್ಲಿ ಕ್ರಾಚೆಟ್‌ಗೆ 5, ಮ್ಯೂಸ್‌ಸ್ಕೋರ್‌ನಲ್ಲೂ 5. ಡೊರಿಕೊದಲ್ಲಿ 6. ಸಿಬೆಲಿಯಸ್‌ನ ಕೀಪ್ಯಾಡ್‌ನಲ್ಲಿ 4. ಇವರೆಲ್ಲ ಒಂದು ದಿನ ಕೂತು ಮಾತಾಡಿಕೊಳ್ಳಬಾರದೇ?

ಆದರೆ ಟೈ ವಿಷಯದಲ್ಲಿ ಡೊರಿಕೊ ಯೋಚಿಸುವ ರೀತಿಯೇ ಬೇರೆ. ಅದು 2016ರಲ್ಲಿ ಹೊಸದಾಗಿ ಶುರುವಾದದ್ದು, ಹಳೆಯ ಸಿಬೆಲಿಯಸ್ ತಂಡದವರೇ ಕಟ್ಟಿದ್ದು. ಅಲ್ಲಿ ನೀವು ಟೈ "ಹಾಕುವುದು" ಕಡಿಮೆ. ಸ್ವರಕ್ಕೆ ಉದ್ದ ಕೊಡುತ್ತೀರಿ. ತಂತಿಯವರ ಪಂಚಮವನ್ನೇ ತೆಗೆದುಕೊಳ್ಳಿ. ಒಂದು ಕ್ರಾಚೆಟ್ ಇಟ್ಟು, ಅದನ್ನು ಆರಿಸಿ, ಶಿಫ್ಟ್ ಆಲ್ಟ್ ಹಿಡಿದು ಬಲ ಬಾಣವನ್ನು ಮೂರು ಸಲ ಒತ್ತಿದರೆ ಇನ್ನೂ ಮೂರು ಕ್ವೇವರ್ ಉದ್ದವಾಗುತ್ತದೆ (ಕೆಳಗಿನ ಗ್ರಿಡ್ ಕ್ವೇವರ್‌ನಲ್ಲಿದ್ದರೆ). ಬಾರ್ ಗೆರೆ ಎಲ್ಲಿ ಬರುತ್ತದೆ, ಎಲ್ಲಿ ಒಡೆಯಬೇಕು, ಎಲ್ಲಿ ಚುಕ್ಕೆ, ಎಲ್ಲಿ ಟೈ, ಎಲ್ಲ ಅದೇ ನೋಡಿಕೊಳ್ಳುತ್ತದೆ. ಪಂಚಮದ ಮೇಲೆ ಕ್ಲಿಕ್ ಮಾಡಿದರೆ ಎರಡೂ ಗುಂಡು ಒಟ್ಟಿಗೆ ಬಣ್ಣ ಬದಲಿಸುತ್ತವೆ. ಏಕೆಂದರೆ ಅದರ ಲೆಕ್ಕದಲ್ಲಿ ಅದು ಒಂದೇ ಸ್ವರ. ಮೃದಂಗದವರು ಹೇಳಿದ ಅಲ್ಪವಿರಾಮದ ಲೆಕ್ಕವೇ ಇದು.

ಕೆಲವೊಮ್ಮೆ ಅದು ಒಡೆದ ರೀತಿ ಹಿಡಿಸುವುದಿಲ್ಲ. ಆಗ ಓ ಒತ್ತಿ "ನಾನು ಹೇಳಿದ ಹಾಗೇ ಬರೆ" ಎಂದು ಹಟ ಹಿಡಿಯಬಹುದು. ಟೈ ಕತ್ತರಿಸಲು ಯು.

ಕೀಬೋರ್ಡ್_ಮೇಷ್ಟ್ರು

ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಪೂರ್ತಿ ಆವೃತ್ತಿಗೆ ದುಡ್ಡು ಕೊಡಬೇಕು. ಮ್ಯೂಸ್‌ಸ್ಕೋರ್ ಬಿಟ್ಟಿ. ಆರು ಮಕ್ಕಳ ಮನೆಯಲ್ಲೂ ಸುಮ್ನೆ ಇಳಿಸಿಕೊಂಡು ಪ್ಲೇ ಒತ್ತಿ ಕೇಳಬಹುದು. ಮತ್ತೆ, ಹೊಸಬರು ಒಂದಷ್ಟು ದಿನ ಕೈಯಾರೆ ಟೈ ಹಾಕಬೇಕು ಎಂಬುದು ನನ್ನ ಮತ. ಯಂತ್ರವೇ ಒಡೆದುಕೊಟ್ಟರೆ ಏಕೆ ಒಡೆಯಿತು ಎಂದು ತಿಳಿಯುವುದಿಲ್ಲ.

ಫಿನಾಲೆ_ನಿರಾಶ್ರಿತ

ಒಲೆ ಇದ್ದರೂ ಸೌದೆಯಲ್ಲಿ ಅಡುಗೆ ಕಲಿಯಬೇಕು ಅಂದ ಹಾಗಾಯಿತು ಮೇಷ್ಟ್ರೇ.

ಬರೀ_ಅಕ್ಷರ

ನನ್ನದು ಲಿಲಿಪಾಂಡ್. ಮೌಸ್ ಮುಟ್ಟುವುದೇ ಇಲ್ಲ. ಸ್ವರದ ಅಕ್ಷರ, ಪಕ್ಕದಲ್ಲಿ ಉದ್ದದ ಅಂಕಿ: ಕಾಲು ನೋಟಿಗೆ 4, ಎಂಟನೇ ಒಂದಕ್ಕೆ 8. ಕೀ ನಂಬರ್ ನೆನಪಿಡುವ ತಾಪತ್ರಯವಿಲ್ಲ, ಭಿನ್ನರಾಶಿಯೇ ಅಂಕಿ. ಟೈ ಬೇಕಾದರೆ ಸ್ವರದ ಬೆನ್ನಿಗೆ ಒಂದು ~ ಹಾಕಿ ಮುಂದಿನದನ್ನು ಬರೆಯುವುದು. ಬಾರ್ ಕೊನೆಗೆ ಒಂದು ನಿಂತ ಗೆರೆ ಹಾಕಿದರೆ, ಲೆಕ್ಕ ತಪ್ಪಿದಾಗ ಅದೇ ಎಚ್ಚರಿಸುತ್ತದೆ. ಇದೂ ಬಿಟ್ಟಿ.

ತಂತಿ_ಮೂರು

ಸರ್, ರಾಜ್ಯೋತ್ಸವಕ್ಕೆ ಮೂರು ವಾರ ಇದೆ. ದಯವಿಟ್ಟು ಹೊಸ ಧರ್ಮಕ್ಕೆ ಸೇರಿಸಬೇಡಿ.

ಮಂದ್ರ_ಪಂಚಮ

ಎಲ್ಲವನ್ನೂ ಓದಿದೆ. ಒಂದು ಮಾತು ಹೇಳಲೇಬೇಕು. ಮಾಯಾಮಾಳವಗೌಳದ ರಿಷಭವನ್ನು ಎಳೆದು ಹಿಡಿದರೆ ಅದು ಕಂಪಿಸುತ್ತದೆ. ಕಂಪಿಸದಿದ್ದರೆ ಅದು ಆ ರಾಗದ ರಿಷಭವೇ ಅಲ್ಲ. ನೀವು ಟೈ ಹಾಕಿ ಎರಡು ಗುಂಡುಗಳ ನಡುವೆ ಕಮಾನು ಎಳೆದಿದ್ದೀರಿ. ಆ ಕಮಾನಿನೊಳಗೆ ಗಮಕ ಎಲ್ಲಿದೆ? ಮಕ್ಕಳು ಬೋರ್ಡಿನ ಮೇಲೆ ಗೆರೆ ಎಳೆದ ಹಾಗೆ ನೇರವಾಗಿ ಹಿಡಿಯುತ್ತಾರೆ. ಉದ್ದ ಸರಿ ಬಂತು, ರಾಗ ಹೋಯಿತು.

ತಂತಿ_ಮೂರು

ನೀವು ಹೇಳಿದ್ದು ಸರಿ. ಅದೇ ಕಾರಣಕ್ಕೆ ಎಳೆಯುವ ಸ್ವರಗಳನ್ನೆಲ್ಲ ಆದಷ್ಟೂ ಸ, ಪ ಮೇಲೆ ಇಟ್ಟಿದ್ದೇನೆ. ಅವೆರಡು ಅಲ್ಲಾಡುವುದಿಲ್ಲವಲ್ಲ. ರಿ ಬರುವ ಒಂದೇ ಒಂದು ಕಡೆ, ಹಾಳೆಯಲ್ಲಿ ಉದ್ದ ಮಾತ್ರ ಬರೆದು, ಹೇಗೆ ಆಡಿಸಬೇಕು ಎಂದು ಪಕ್ಕದಲ್ಲಿ ಕೂತು ಬಾರಿಸಿ ತೋರಿಸುತ್ತೇನೆ. ನಮ್ಮ ಪುಸ್ತಕಗಳ ಸ್ವರಲಿಪಿಯಲ್ಲೂ ಗಮಕ ಎಲ್ಲಿತ್ತು ಹೇಳಿ? "ರೀ , ," ಎಂದಷ್ಟೇ ಇರುತ್ತಿತ್ತು. ಉಳಿದದ್ದು ಗುರುಗಳ ಮನೆಯ ಜಗುಲಿಯಲ್ಲಿ.

ಮಂದ್ರ_ಪಂಚಮ

ಅದು ನಿಜ. ಒಪ್ಪಿದೆ. ವಯಲಿನ್ ಮಕ್ಕಳಿಗಾದರೂ ಆಂದೋಲ ಹೇಳಿಕೊಡಿ. ಕ್ಲಾರಿನೆಟ್‌ಗೆ ಆಗದಿದ್ದರೆ ಆ ಜಾಗದಲ್ಲಿ ಬಿಡಿಸಿಬಿಡಿ.

ಹಳೇ_ಬ್ಯಾಂಡು

ರಿಷಭದ ಮಾತು ಬಂತಲ್ಲ, ಒಂದು ಎಚ್ಚರಿಕೆ. ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿದವನು ನಾನು, ಈ ಪೆಟ್ಟು ತಿಂದಿದ್ದೇನೆ.

ನೀವು ಕೀ ಸಿಗ್ನೇಚರ್ (ಸಾಲಿನ ಶುರುವಿನಲ್ಲೇ ಹಾಕುವ ಫ್ಲಾಟ್ ಗುರುತುಗಳು) ಹಾಕದೆ ಪ್ರತಿ ರಿಷಭಕ್ಕೂ ಮೈನಸ್ ಒತ್ತಿ ಫ್ಲಾಟ್ ಹಾಕುತ್ತಿದ್ದೀರಿ. ಫ್ಲಾಟ್ ಚಿಹ್ನೆಯ ಆಯಸ್ಸು ಆ ಬಾರ್ ಮುಗಿಯುವವರೆಗೆ ಮಾತ್ರ. ಟೈ ಇದ್ದರೆ ಒಂದು ವಿನಾಯಿತಿ: ಗೆರೆ ದಾಟಿದ ಆ ಸ್ವರಕ್ಕೆ ಫ್ಲಾಟ್ ಮತ್ತೆ ಬರೆಯಬೇಕಿಲ್ಲ, ಟೈ ಅದನ್ನು ಹೊತ್ತು ತರುತ್ತದೆ. ಆದರೆ ಅದೇ ಬಾರ್‌ನಲ್ಲಿ ಅದರ ನಂತರ ಬರುವ ಇನ್ನೊಂದು ರಿಷಭಕ್ಕೆ ಆ ವಿನಾಯಿತಿ ಇಲ್ಲ. ಅದಕ್ಕೆ ಹೊಸದಾಗಿ ಫ್ಲಾಟ್ ಬೇಕು. ಮರೆತರೆ ಚತುಶ್ರುತಿ ರಿಷಭ.

ತಂತಿ_ಮೂರು

ಅಯ್ಯೋ. ಈಗ ತೆರೆದು ನೋಡಿದೆ. ಏಳನೇ ಬಾರ್‌ನಲ್ಲಿ ಸರಿಯಾಗಿ ಇದೇ ಆಗಿದೆ. ಮೊನ್ನೆ ಮಕ್ಕಳು ಬಾರಿಸಿದಾಗ ಏನೋ ಸರಸಾಂಗಿ ರಾಗದ ವಾಸನೆ ಬಂತಲ್ಲ ಎಂದುಕೊಂಡಿದ್ದೆ.

ಹಳೇ_ಬ್ಯಾಂಡು

ಒಂದೊಂದೇ ಫ್ಲಾಟ್ ಹಾಕುವ ಬದಲು ರಾಗಕ್ಕೇ ಒಂದು ಕೀ ಸಿಗ್ನೇಚರ್ ಮಾಡಿಕೊಳ್ಳಿ. ಡಿ ಫ್ಲಾಟ್, ಎ ಫ್ಲಾಟ್ ಎರಡೇ ಇರುವ ಸಿಗ್ನೇಚರ್ ಅವರ ಸಿದ್ಧ ಪಟ್ಟಿಯಲ್ಲಿ ಸಿಗುವುದಿಲ್ಲ. ಮಾಸ್ಟರ್ ಪ್ಯಾಲೆಟ್ ತೆರೆದು ಕೀ ಸಿಗ್ನೇಚರ್ ಭಾಗದಲ್ಲಿ ಆ ಎರಡನ್ನು ಎಳೆದು ಗೆರೆಗಳ ಮೇಲೆ ಇಟ್ಟರೆ ನಿಮ್ಮದೇ ಒಂದು ತಯಾರಾಗುತ್ತದೆ. ಆಮೇಲೆ ಮೈನಸ್ ಕೀ ತಂಟೆಯೇ ಇಲ್ಲ. ಮಕ್ಕಳಿಗೆ ಮೊದಲು ಒಮ್ಮೆ ತೋರಿಸಿ, ಅವರು ಇಂಥದ್ದನ್ನು ನೋಡಿರುವುದಿಲ್ಲ.

ತಂತಿ_ಮೂರು

ಮಾಡಿದೆ. ಹಾಳೆ ಎಷ್ಟು ಚೊಕ್ಕಟವಾಗಿ ಕಾಣುತ್ತಿದೆ!

ಕೊನೆಯ ಪ್ರಶ್ನೆ (ಎಂದುಕೊಂಡಿದ್ದೇನೆ). ಎರಡನೇ ಭಾಗ ಅನಾಗತದಲ್ಲಿ ಶುರುವಾಗುತ್ತದೆ, ಅರ್ಧ ಅಕ್ಷರ ಬಿಟ್ಟು:

, ಪಾ ಮಾ ಗಾ ರಿ |

ಇದನ್ನು ರೆಸ್ಟ್, ಮೂರು ಕ್ವಾರ್ಟರ್, ಒಂದು ಏಯ್ತ್ ಎಂದು ಬರೆದೆ. ಪ್ಲೇ ಒತ್ತಿದರೆ ಸರಿಯಾಗಿದೆ. ಮಕ್ಕಳು ಮಾತ್ರ ಪ್ರತಿ ಸಲ ಗಾಂಧಾರದ ಹತ್ತಿರ ಎಡವುತ್ತಾರೆ. ಒಳ್ಳೆಯ ಓದುಗರು ಅವರು. ಏಕೆ ಹೀಗೆ?

ಕೀಬೋರ್ಡ್_ಮೇಷ್ಟ್ರು

ಇಲ್ಲಿ ನಿಮ್ಮ ಮೊದಲ ಅಲ್ಪವಿರಾಮ ಮಾತ್ರ ನಿಜವಾದ ರೆಸ್ಟ್. ಅದರ ಹಿಂದೆ ಎಳೆಯಲು ಸ್ವರವೇ ಇಲ್ಲವಲ್ಲ. ಅದನ್ನು 0 ಒತ್ತಿ ಸರಿಯಾಗಿಯೇ ಹಾಕಿದ್ದೀರಿ.

ಎಡವುವುದು ಮಧ್ಯಮದಿಂದ. 4/4 ಓದುವ ಕಣ್ಣು ಪ್ರತಿ ಬಾರ್‌ನ ನಡುವನ್ನು, ಅಂದರೆ ಮೂರನೇ ಬೀಟನ್ನು ಹುಡುಕುತ್ತದೆ. ನಿಮ್ಮ ಮಧ್ಯಮ ಎರಡೂವರೆಯಲ್ಲಿ ಶುರುವಾಗಿ ಮೂರೂವರೆವರೆಗೆ ಹೋಗುತ್ತದೆ. ಒಂದೇ ಕ್ರಾಚೆಟ್ ಬರೆದರೆ ಮೂರನೇ ಬೀಟ್ ಅದರ ಹೊಟ್ಟೆಯೊಳಗೆ ಅಡಗಿಹೋಗುತ್ತದೆ. ಆದ್ದರಿಂದ ಅದನ್ನು ಎರಡು ಕ್ವೇವರ್ ಮಾಡಿ ಟೈ ಹಾಕುವುದು ವಾಡಿಕೆ. 4 ಒತ್ತಿ ಎಫ್, ಕೂಡಲೇ ಟಿ. ನಾದದಲ್ಲಿ ಒಂದು ಎಳೆಯಷ್ಟೂ ವ್ಯತ್ಯಾಸವಿಲ್ಲ. ಕಣ್ಣಿಗೆ ಮಾತ್ರ ನಡು ಕಾಣುತ್ತದೆ. ಪಂಚಮ, ಗಾಂಧಾರ ಹಾಗೇ ಕ್ರಾಚೆಟ್ ಆಗಿ ಇರಲಿ, ಅವು ನಡುವನ್ನು ದಾಟುವುದಿಲ್ಲ.

ಬಾರ್ ಗೆರೆ ದಾಟುವಾಗ ಮ್ಯೂಸ್‌ಸ್ಕೋರ್ ತಾನೇ ಒಡೆಯುತ್ತದೆ, ಆದರೆ ಬಾರ್ ಒಳಗೆ ನೀವು ಕೊಟ್ಟ ಹಾಗೆಯೇ ಬಿಡುತ್ತದೆ. ಟೂಲ್ಸ್ ಮೆನುವಿನಲ್ಲಿ ರೀಗ್ರೂಪ್ ರಿದಮ್ಸ್ ಎಂದಿದೆ, ಆರಿಸಿದ ಭಾಗವನ್ನು ಬೀಟ್‌ಗೆ ತಕ್ಕಂತೆ ಹೊಂದಿಸಿಕೊಡುತ್ತದೆ. ಪೂರ್ತಿ ನಂಬಬೇಡಿ, ಬಳಸಿದ ಮೇಲೆ ಒಂದು ಸಲ ಕಣ್ಣಾಡಿಸಿ.

ಫಿನಾಲೆ_ನಿರಾಶ್ರಿತ

ಡೊರಿಕೊದಲ್ಲಿ ಇದು ತಾನಾಗಿ ಆಗುತ್ತದೆ ಎಂದು ಹೇಳಬೇಕೆಂದಿದ್ದೆ. ಹೇಳುವುದಿಲ್ಲ.

ತಾಳ_ತಪ್ಪಿದವ

ಮಜಾ ನೋಡಿ. ಲಘುವಿನಲ್ಲಿ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಅವರ ಮೂರನೇ ಬೀಟ್ ನಮ್ಮ ಉಂಗುರಬೆರಳು. ನಾವು ಯಾರೂ ಅದಕ್ಕೆ ವಿಶೇಷ ಮರ್ಯಾದೆ ಕೊಟ್ಟವರಲ್ಲ. ಅವರ ಕಣ್ಣಿಗೆ ಬಾರ್‌ನ ನಡುಗಂಬವೇ ಅದು. ಮಕ್ಕಳಿಗೆ ತಾಳ ಹಾಕಿಸುತ್ತಲೇ ಓದಿಸಿ, ಉಂಗುರಬೆರಳು ಬಂದಾಗ ಟೈ ಮಧ್ಯದಲ್ಲಿರಬೇಕು ಎಂದು ಹೇಳಿ. ಎಡವುವುದಿಲ್ಲ.

ಅಂದ ಹಾಗೆ ಮುಂದೆ ಯಾವತ್ತಾದರೂ ಮಿಶ್ರಛಾಪು ಬರೆದರೆ 7/8 ಇಟ್ಟು, ಆ ಟೈಮ್ ಸಿಗ್ನೇಚರ್‌ನ ಪ್ರಾಪರ್ಟೀಸ್‌ನಲ್ಲಿ ಗುಂಪುಗಳನ್ನು ಮೂರು ಮತ್ತು ನಾಲ್ಕಾಗಿ ಒಡೆದುಕೊಳ್ಳಿ. ಇಲ್ಲದಿದ್ದರೆ ಸ್ವರಗಳನ್ನು ಗುಂಪು ಕಟ್ಟುವ ಅಡ್ಡಗೆರೆಗಳು, ಅಂದರೆ ಬೀಮ್‌ಗಳು ನಿಮ್ಮ ನಡೆಗೆ ಹೊಂದುವುದಿಲ್ಲ.

ತಂತಿ_ಮೂರು

ಇನ್ನೊಂದು ನೆನಪಾಯಿತು! ಜಂಟಿ ವರಸೆಯನ್ನು ಮೂರು ಕಾಲದಲ್ಲೂ (ಪ್ರತಿ ಸಲ ದುಪ್ಪಟ್ಟು ವೇಗ) ಬಾರಿಸಬೇಕೆಂದಿದ್ದೇವೆ. ಮೂರು ಸಲ ಬರೆಯಬೇಕಾ?

ಕೀಬೋರ್ಡ್_ಮೇಷ್ಟ್ರು

ಬೇಡ. ಮೊದಲ ಕಾಲ ಬರೆದು ಕಾಪಿ ಮಾಡಿ. ಎಡಿಟ್ ಮೆನುವಿನಲ್ಲಿ ಅರ್ಧ ಉದ್ದಕ್ಕೆ ಪೇಸ್ಟ್ ಮಾಡುವ ಆಜ್ಞೆ ಇದೆ. ಕ್ರಾಚೆಟ್ ಎಲ್ಲ ಕ್ವೇವರ್ ಆಗಿ ಇಳಿಯುತ್ತವೆ. ಅದನ್ನೇ ಕಾಪಿ ಮಾಡಿ ಮತ್ತೊಮ್ಮೆ ಅರ್ಧ ಮಾಡಿದರೆ ಮೂರನೇ ಕಾಲ. ಒಂದೊಂದು ಸ್ವರಕ್ಕೆ ಮಾತ್ರ ಬೇಕಾದರೆ ಕ್ಯೂ ಒತ್ತಿದರೆ ಅರ್ಧ, ಡಬ್ಲ್ಯೂ ಒತ್ತಿದರೆ ದುಪ್ಪಟ್ಟು.

ಮಂದ್ರ_ಪಂಚಮ

ಮೂರು ಕಾಲ ಎರಡು ಕೀಲಿಯಲ್ಲಿ! ನಮಗೆ ಇದು ಬರಲು ಒಂದು ವರ್ಷ ಹಿಡಿದಿತ್ತು.

ತಂತಿ_ಮೂರು (ಹತ್ತು ದಿನದ ನಂತರ)

ನಿನ್ನೆ ರಿಹರ್ಸಲ್ ಆಯಿತು. ಅನಾಗತದ ಸಾಲು ಮೊದಲ ಸಲಕ್ಕೇ ಬಂತು. ಉಂಗುರಬೆರಳಿನ ಉಪಾಯ ಕೆಲಸ ಮಾಡಿತು, ಈಗ ಕೀಬೋರ್ಡಿನ ಹುಡುಗ ಶಾಲೆಯ ಪಾಠಕ್ಕೂ ಬೆರಳು ಎಣಿಸುತ್ತಾನಂತೆ.

ಒಂದೇ ಒಂದು ಕಡೆ ತೊಂದರೆ. ಆ ಐದರ ಪಂಚಮ ಇದೆಯಲ್ಲ, ಕ್ಲಾರಿನೆಟ್ ಹುಡುಗಿ ಒಬ್ಬಳೇ ಅದನ್ನು ಮತ್ತೆ ಊದುತ್ತಾಳೆ. ಟೈ ಇದೆ, ನಾನೇ ನೋಡಿದ್ದೇನೆ. ವಯಲಿನ್‌ನವರು ಸರಿಯಾಗಿ ಒಂದೇ ಬೋವಿನಲ್ಲಿ ಹಿಡಿಯುತ್ತಾರೆ.

ಹಳೇ_ಬ್ಯಾಂಡು

ಅವಳ ಪಾರ್ಟ್‌ನಲ್ಲಿ ಆ ಜಾಗ ಸಾಲಿನ ಕೊನೆಗೆ ಬಂದಿದೆಯಾ ನೋಡಿ. ಮೊದಲ ಪ ಮೇಲಿನ ಸಾಲಿನ ತುದಿಯಲ್ಲಿ, ಎರಡನೆಯದು ಕೆಳಗಿನ ಸಾಲಿನ ಶುರುವಿನಲ್ಲಿ ಇದ್ದರೆ ಕಮಾನು ಅರ್ಧ ಅರ್ಧ ತುಂಡಾಗಿರುತ್ತದೆ. ಕಣ್ಣು ಎಡಕ್ಕೆ ಓಡಿ ಬರುವಷ್ಟರಲ್ಲಿ ಆ ಪುಟ್ಟ ತುಂಡು ಯಾರಿಗೂ ಕಾಣುವುದಿಲ್ಲ. ಹೊಸ ಸ್ವರ ಅಂದುಕೊಂಡು ನಾಲಗೆ ಹೊಡೆಯುತ್ತಾರೆ. ನಾನೂ ಹೊಡೆದಿದ್ದೇನೆ, ಸಭೆಯ ಮುಂದೆ.

ತಂತಿ_ಮೂರು

ಸರಿಯಾಗಿ ಅದೇ! ಅವಳ ಹಾಳೆಯಲ್ಲಿ ಮಾತ್ರ ಸಾಲು ಅಲ್ಲೇ ಒಡೆದಿದೆ. ಹೇಗೆ ಸರಿಪಡಿಸಲಿ?

ಹಳೇ_ಬ್ಯಾಂಡು

ಅವಳ ಪಾರ್ಟ್ ತೆರೆದು, ಅದಕ್ಕಿಂತ ಒಂದು ಬಾರ್ ಹಿಂದಿನ ಗೆರೆಯನ್ನು ಆರಿಸಿ ಎಂಟರ್ ಒತ್ತಿ. ಸಾಲು ಅಲ್ಲೇ ಮುರಿದು, ಪಂಚಮದ ಎರಡೂ ತುಂಡು ಕೆಳಗಿನ ಸಾಲಿನಲ್ಲಿ ಜೊತೆಯಾಗಿ ಕೂರುತ್ತವೆ.

ತಂತಿ_ಮೂರು

ಕೂತವು. ಪಿಡಿಎಫ್ ಮಾಡಿ ಅವಳ ಅಮ್ಮನಿಗೆ ಕಳಿಸಿದ್ದೇನೆ. ಹಳೆಯ ಹಾಳೆ ಹರಿದು ಬಿಸಾಡಿ ಎಂದೂ ಬರೆದಿದ್ದೇನೆ.

ತಾಳ_ತಪ್ಪಿದವ

ನಮಗೂ ಒಂದು ಪ್ರತಿ ಕಳಿಸಿ. ಏಳನೇ ಬಾರ್ ನೋಡಬೇಕು.